ಗ್ರಹಣದ ಸಂಜೆ ಸುಣ್ಣದ ಭಟ್ಟಿಯಲ್ಲಿ ನಡೆದ ಆಟ

ಹಗರಿ ಹೊಳೆಯ ದಂಡೆಗೆ, ಸುಣ್ಣದಕಲ್ಲು ಎಂಬ ಊರಿನ ಹೊರಗೆ, ಬೆಂಕಿಯ ಮುಖ ಕಂಡು ಎಷ್ಟೋ ಕಾಲವಾಗಿದ್ದ ಹಳೆಯ ಸುಣ್ಣದ ಭಟ್ಟಿಯೊಂದಿತ್ತು. ಪರಮಪೂಜ್ಯ ಬತ್ತಿತಾತನವರು ವಾಸವಾಗಿದ್ದದ್ದು ಅದರೊಳಗೆ. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಕೈಮುಗಿದು ಬಂದರೆ ತಾತನವರು ಭಟ್ಟಿಯ ಗೋಡೆಯನ್ನು ಅಂಗೈಯಿಂದ ತಟ್ಟಿ ತೋರಿಸುತ್ತಿದ್ದರಂತೆ. ಕಲ್ಲನ್ನೇ ಬೇಯಿಸಿ ಬೆಳ್ಳಗೆ ಮಾಡಿದ ಜಾಗವಿದು, ನನ್ನಂಥವನಿಗೆ ಬೇರೆ ಮಠವೇಕೆ ಎಂಬುದು ಆ ತಟ್ಟುವಿಕೆಯ ಅರ್ಥವೆಂದು ಭಕ್ತರು ತಿಳಿದುಕೊಂಡರು. ನನ್ನ ಸೋದರಮಾವನ ಪ್ರಕಾರ ಅವರು ಗೋಡೆ ತಟ್ಟುತ್ತಿದ್ದದ್ದು ಇರುವೆ ಓಡಿಸಲು. ಎರಡೂ ನಿಜವಿರಬಹುದು.

ಊರವರು ತಂದುಕೊಟ್ಟ ಹಳೆಯ ಪಂಚೆ, ಸವೆದ ಸೀರೆಯ ಸೆರಗು, ಎಲ್ಲವನ್ನೂ ಸೀಳಿ ತೊಡೆಯ ಮೇಲಿಟ್ಟು ಹೊಸೆದು ತಾತನವರು ದೀಪದ ಬತ್ತಿ ಮಾಡುತ್ತಿದ್ದರು. ಬಂದವರ ಕೈಗೆ ಒಂದೊಂದು ಬತ್ತಿ. ಪ್ರಸಾದವೂ ಅದೇ, ಉಪದೇಶವೂ ಅದೇ. ಮಾತು ಬಹಳ ಕಡಿಮೆ. ಅವರ ರೂಪವನ್ನು ಇಲ್ಲಿ ವರ್ಣಿಸಬೇಕು, ಆದರೆ ಒಂದು ತೊಡಕಿದೆ. ಮಾವ ಹೇಳುವಾಗ ತಾತನವರ ಗಡ್ಡ ಹೊಕ್ಕುಳ ಮುಟ್ಟುತ್ತಿತ್ತು; ಅತ್ತೆ ಹೇಳುವಾಗ ಗಡ್ಡವೇ ಇರಲಿಲ್ಲ. ಇಬ್ಬರೂ ಕಣ್ಣಾರೆ ಕಂಡವರು. ಮನೆಯಲ್ಲಿ ಶಾಂತಿ ಇರಲೆಂದು ನಾನು ಗಡ್ಡವನ್ನು ಎದೆಯ ತನಕ ಬಿಟ್ಟಿದ್ದೇನೆ. ಸದ್ಭಕ್ತರು ಹಾಗೆಯೇ ಧ್ಯಾನಿಸಿಕೊಳ್ಳಬೇಕು.

ಈ ಪ್ರಸಂಗ ಈಗ ನೆನಪಾಗಲು ಕಾರಣ ಮುಂದೆ ಬರಲಿರುವ ಒಂದು ಹುಣ್ಣಿಮೆ. ಇಸವಿ ಎರಡು ಸಾವಿರದ ಇಪ್ಪತ್ತೆಂಟರ ಕೊನೆಯ ದಿನ ರಾತ್ರಿ ಖಗ್ರಾಸ ಚಂದ್ರಗ್ರಹಣವಿದೆ. ಚಂದ್ರ ಪೂರ್ತಿಯಾಗಿ ನೆರಳಿನಲ್ಲಿ ಮುಳುಗಿ, ತಾಮ್ರದ ತಟ್ಟೆಯ ಬಣ್ಣಕ್ಕೆ ತಿರುಗಿ, ಒಂದು ತಾಸಿಗೂ ಹೆಚ್ಚು ಹೊತ್ತು ಹಾಗೆಯೇ ನಿಲ್ಲುತ್ತಾನೆ. ಮೋಡ ಅಡ್ಡ ಬರದಿದ್ದರೆ ನಮ್ಮ ಸೀಮೆಗೆಲ್ಲ ಕಾಣುತ್ತದೆ. ಹೊಸ ವರ್ಷಕ್ಕೆಂದು ತಂದಿಟ್ಟ ಕೇಕಿನ ಮೇಲೆ ದರ್ಭೆ ಇಡಬೇಕೋ ಬೇಡವೋ ಎಂಬ ಚರ್ಚೆಯನ್ನು ನಮ್ಮ ಮನೆಯಲ್ಲಿ ನಾನು ಈಗಿನಿಂದಲೇ ಎಬ್ಬಿಸಿಟ್ಟಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ, ಇಬ್ಬರು ಮಾತು ಬಿಟ್ಟಿದ್ದಾರೆ.

ಅಂಥದೇ ಒಂದು ಖಗ್ರಾಸ ಬರಲಿದ್ದ ಕಾಲದಲ್ಲಿ ನಡೆದದ್ದಿದು. ಸುಣ್ಣದಕಲ್ಲಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ನನ್ನ ಮಾವ ಪಂಪಣ್ಣ ಸುತ್ತಲ ಹಳ್ಳಿಗಳಿಗೆಲ್ಲ ಗ್ಯಾಸ್‌ಲೈಟು ಬಾಡಿಗೆ ಕೊಡುತ್ತಿದ್ದ. ಮದುವೆಯಾಗಲಿ, ಭಜನೆಯಾಗಲಿ, ಆ ಕಾಲದ ರಾತ್ರಿಗಳಿಗೆಲ್ಲ ಒಂದು ಸದ್ದಿತ್ತು, ಗ್ಯಾಸ್‌ಲೈಟಿನ ಬುಸ್ಸೆನ್ನುವ ಉಸಿರು. ಸೀಮೆಎಣ್ಣೆಯ ವಾಸನೆ, ಗಾಜಿಗೆ ಬಡಿದು ಬೀಳುವ ಹುಳ, ಬೆಳಕು ಕುಗ್ಗಿತೆಂದರೆ ಎಲ್ಲರೂ ಮಾತು ನಿಲ್ಲಿಸಿ ಮಾವನ ಕಡೆ ನೋಡುವುದು, ಅವನು ದೊಡ್ಡ ಮನುಷ್ಯನಂತೆ ಎದ್ದು ಬಂದು ಗಾಳಿ ಹೊಡೆಯುವುದು. ಈಗಿನ ಬೆಳಕಿಗೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಗಾಳಿ ಹೊಡೆಯುವುದರಲ್ಲಿ ಮಾವ ಗಟ್ಟಿಗ. ಲೈಟಿಗೂ ಹೊಡೆಯುತ್ತಿದ್ದ, ಮಾತಿಗೂ ಹೊಡೆಯುತ್ತಿದ್ದ. ಆದ್ದರಿಂದ ಅವನಿಂದ ಕೇಳಿದ ಈ ಕಥೆಯಲ್ಲಿ ಕೊಂಚ ಗಾಳಿ ಇರುತ್ತದೆ; ನನ್ನ ಕೈ ದಾಟುವಾಗ ಸೇರಿಕೊಂಡದ್ದು ಬೇರೆ. ತಾತನವರ ಬಾಯಿಂದ ಬಂದ ಮಾತುಗಳನ್ನು ಮಾತ್ರ ನಾವಿಬ್ಬರೂ ಮುಟ್ಟಿಲ್ಲ.

ಮಾವನಿಗೆ ಆಗ ತಾತನವರಲ್ಲಿ ಭಕ್ತಿ ಇರಲಿಲ್ಲ. ಬೆಳಕನ್ನು ಬಾಡಿಗೆಗೆ ಕೊಟ್ಟು ಬದುಕುವವನಿಗೆ ಬೆಳಕನ್ನು ಪುಕ್ಕಟೆ ಹಂಚುವವರ ಮೇಲೆ ಎಂಥ ಭಕ್ತಿ? ಭಟ್ಟಿಯ ಮುಂದೆ ಹಾದುಹೋಗುವಾಗಲೆಲ್ಲ ಒಳಕ್ಕೆ ಇಣುಕಿ, ತಾತ, ವ್ಯಾಪಾರ ಹೆಂಗೈತಿ ಎಂದು ಕೇಳಿ ಹೋಗುತ್ತಿದ್ದನಂತೆ. ತಾತನವರು ಪ್ರತಿಸಲವೂ ಒಂದು ಬತ್ತಿ ಕೊಟ್ಟು ಕಳಿಸುತ್ತಿದ್ದರು. ಗ್ಯಾಸ್‌ಲೈಟಿಗೆ ಅಂಥ ಬತ್ತಿ ಹತ್ತುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೆಂದು ಹೇಳಲಾರೆ.

ಆ ಗ್ರಹಣಕ್ಕೆ ಇನ್ನು ಕೆಲವು ದಿನಗಳಿರುವಾಗ ಸುಂಕಣ್ಣನೆಂಬವನು ಹೆಂಡತಿಯೊಡನೆ ಕತ್ತೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಹೇರಿಕೊಂಡು ಭಟ್ಟಿಗೆ ಬಂದ. ಅವನು ತೊಗಲುಗೊಂಬೆ ಆಡಿಸುವವನು. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಕತ್ತರಿಸಿ, ಬಣ್ಣ ಬಳಿದು, ಬಿದಿರ ಕಡ್ಡಿಗೆ ಕಟ್ಟಿದ ಗೊಂಬೆಗಳು. ಬಿಳಿಯ ಪರದೆ, ಅದರ ಹಿಂದೆ ಎಣ್ಣೆದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಪರದೆಯ ಈಚೆ ಕೂತ ಜನಕ್ಕೆ ಕಾಣುವುದು ನೆರಳು ಮಾತ್ರ. ಆದರೆ ಮನುಷ್ಯರ ನೆರಳಿನ ಹಾಗೆ ಅದು ಕಪ್ಪಲ್ಲ. ಬೆಳಕು ತೊಗಲಿನೊಳಗೆ ಹಾಯ್ದು ಬರುವುದರಿಂದ ಕೆಂಪು ಬಳಿದಲ್ಲಿ ನೆರಳೂ ಕೆಂಪು, ಹಸಿರು ಬಳಿದಲ್ಲಿ ಹಸಿರು. ಹಾಡಿಕೆ ಹೆಂಡತಿ ದುರುಗವ್ವನದು. ರಾಣಿಯಾಗಿ ಅಳುವವಳೂ ಅವಳೇ, ರಕ್ಕಸಿಯಾಗಿ ಬಯ್ಯುವವಳೂ ಅವಳೇ. ಅವಳು ಬಯ್ಯುವುದು ಕೇಳಲೆಂದೇ ಜನ ಎರಡು ಊರು ದಾಟಿ ಬರುತ್ತಿದ್ದರಂತೆ.

ಆ ಮನೆತನದಲ್ಲಿ ಗೊಂಬೆಗಳಿಗೂ ಆಯುಷ್ಯವಿತ್ತು. ಹರಿದು ಬಳಕೆಗೆ ಬಾರದಾದ ಗೊಂಬೆಯನ್ನು ತಿಪ್ಪೆಗೆ ಎಸೆಯುವಂತಿಲ್ಲ, ಸುಡುವಂತಿಲ್ಲ. ಗ್ರಹಣ ಬಿಟ್ಟಮೇಲೆ ಮೀಯಲು ಹೋದಾಗ ಹೊಳೆಗೆ ಬಿಡಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಗ್ರಹಣ ಹಿಡಿದಿರುವಾಗ ಪರದೆ ಕಟ್ಟಬಾರದು. ಮೇಲೆ ದೊಡ್ಡ ನೆರಳು ಆಡುತ್ತಿರುವಾಗ ಕೆಳಗೆ ಮನುಷ್ಯ ಸಣ್ಣ ನೆರಳು ಆಡಿಸಿದರೆ ದೊಡ್ಡದಕ್ಕೆ ಸಿಟ್ಟು ಬರುತ್ತದೆ ಎಂದು ಹಿರಿಯರು ಹೇಳಿದ್ದರು. ಹಿಂದಿನ ಗ್ರಹಣದ ದಿನ ಮೋಡ ಕವಿದಿತ್ತು. ಚಂದ್ರ ಕಾಣುತ್ತಿರಲಿಲ್ಲ. ಗ್ರಹಣ ಬಿಟ್ಟಿರಬೇಕೆಂದು ಲೆಕ್ಕಹಾಕಿ ಸುಂಕಣ್ಣ ಪರದೆ ಕಟ್ಟಿ ಆಟ ಶುರುಮಾಡಿದ. ನಡುವೆ ಮೋಡ ಸರಿದು ನೋಡಿದರೆ ಚಂದ್ರ ಇನ್ನೂ ಅರ್ಧ ಒಳಗೇ ಇದ್ದ. ಆ ತಿಂಗಳಲ್ಲೇ ಅವನ ಮಗಳು ಹೊನ್ನಿ ಜ್ವರ ಬಂದು ತೀರಿಕೊಂಡಳು. ಒಬ್ಬಳೇ ಮಗಳು, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು.

ಮಗಳ ಮಣ್ಣಿಗೆ ಬಂದಿದ್ದ ಅವನ ದೊಡ್ಡಪ್ಪ ಎಲ್ಲರೆದುರಿಗೆ ಒಂದು ಮಾತು ಹೇಳಿದ್ದ. ನೀ ನೆರಳಿನ ಜೊತೆ ಪಂದ್ಯ ಕಟ್ಟಿದಿ, ಅದು ತನ್ನ ಪಾಲು ತಗೊಂಡು ಹೋತು. ಅಂದಿನಿಂದ ಪೆಟ್ಟಿಗೆ ತೆರೆದದ್ದಿಲ್ಲ. ಸುಂಕಣ್ಣ ಅಳಲಿಲ್ಲ, ಮಗಳ ಹೆಸರೆತ್ತಲಿಲ್ಲ. ಗಂಡಹೆಂಡತಿ ನಡುವೆ ಮಾತೇ ನಿಂತುಹೋಯಿತು. ಹೇಳಲೇಬೇಕಾದದ್ದನ್ನು ಇಬ್ಬರೂ ಕತ್ತೆಗೆ ಹೇಳುತ್ತಿದ್ದರು. ರೊಟ್ಟಿ ಆಗ್ಯಾವಂತ ಹೇಳು ಎಂದು ದುರುಗವ್ವ ಕತ್ತೆಯ ಕಿವಿಗೆ ಹೇಳಿದರೆ, ಹಸಿವಿಲ್ಲಂತ ಹೇಳು ಎಂದು ಅವನು ಅದರ ಬಾಲಕ್ಕೆ ಹೇಳುವನು. ಸೀಮೆಯಲ್ಲಿ ಆ ಕತ್ತೆಯಷ್ಟು ಸಂಸಾರ ಕಂಡ ಪ್ರಾಣಿ ಬೇರೆ ಇರಲಿಲ್ಲ ಎಂದು ಮಾವ ನಗುತ್ತಿದ್ದ. ನಗುತ್ತಿದ್ದ ಎಂದೆ, ಆದರೆ ಈ ಜಾಗ ಬಂದಾಗ ಒಮ್ಮೆ ಕೆಮ್ಮುತ್ತಿದ್ದ ಕೂಡ.

ಆಗ ಬರಲಿದ್ದ ಗ್ರಹಣ ಬಿಟ್ಟ ಮೇಲೆ ಪೆಟ್ಟಿಗೆಯನ್ನು ಇಡಿಯಾಗಿ ಹೊಳೆಗೆ ಬಿಡುವುದೆಂದು ಸುಂಕಣ್ಣ ನಿಶ್ಚಯಿಸಿದ್ದ. ತಾತ ಮುತ್ತಾತಂದಿರ ಕಾಲದ ಗೊಂಬೆಗಳು, ಹೊಸವು, ಹಳೆಯವು, ಎಲ್ಲವೂ. ದುರುಗವ್ವನಿಗೆ ಅದು ಬೇಡವಾಗಿತ್ತು. ಹೊನ್ನಿ ಬಿಟ್ಟುಹೋದ ಬದುಕಿನಲ್ಲಿ ಅವಳಿಗೆ ಉಳಿದಿದ್ದದ್ದು ಆ ಹಾಡಿಕೆಯೊಂದೇ. ಆದರೆ ಬೇಡವೆಂಬುದನ್ನೂ ಕತ್ತೆಗೇ ಹೇಳಬೇಕಾಗಿತ್ತು. ಹೇಳಿ ಹೇಳಿ ಸುಮ್ಮನಾಗಿದ್ದಳು. ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ಕೊಡ್ರಿ, ಪಾಪ ಕಳೀಲಿ ಎಂದು ಸುಂಕಣ್ಣ ತಾತನವರ ಮುಂದೆ ಕೈಮುಗಿದು ನಿಂತ. ಅದೇ ಹೊತ್ತಿಗೆ ವ್ಯಾಪಾರ ವಿಚಾರಿಸಲೆಂದು ಮಾವನೂ ಭಟ್ಟಿಯ ಬಾಗಿಲಿಗೆ ಬಂದಿದ್ದ. ಸುಂಕಣ್ಣನ ಆಟಗಳಲ್ಲಿ ಜನ ಬಂದು ಕೂಡುವ ಬಯಲಿಗೆ ಲೈಟು ಕೊಡುತ್ತಿದ್ದವನು ಅವನೇ ಆದ್ದರಿಂದ ಹಳೆಯ ಪರಿಚಯ. ಒಳಗೆ ನಡೆಯುವುದನ್ನು ಬಿಟ್ಟು ಹೋಗಲು ಮನಸ್ಸಾಗದೆ ಅಲ್ಲೇ ನಿಂತ.

ತಾತನವರು ಪೆಟ್ಟಿಗೆ ಮುಟ್ಟಲಿಲ್ಲ. ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿ ಪಕ್ಕಕ್ಕಿಟ್ಟು ಕೇಳಿದರು.

"ತಮ್ಮಾ, ಯಾವತ್ತಾರ ಆಟ ನೋಡೀಯೇನು?"

"ಹುಟ್ಟಿದಾಗಿಂದ ಅದರಾಗೇ ಅದೀನಲ್ಲ, ಯಪ್ಪಾ. ಆಡಿಸ್ಕೊಂತಾನ ಬೆಳದೀನಿ."

"ಆಡಿಸಿದ್ದು ಕೇಳಲಿಲ್ಲ. ನೋಡೀಯೇನು?"

ಆಡಿಸುವವನ ಜಾಗ ಪರದೆಯ ಒಳಗೆ. ಅಲ್ಲಿ ಕಾಣುವುದು ತೊಗಲು, ಕಡ್ಡಿ, ದೀಪದ ಹೊಗೆ, ಕಾಲಿಗೆ ತೊಡರುವ ಮತ್ತೊಂದು ಗೊಂಬೆ. ಆಟವಿರುವುದು ಆಚೆಗೆ. ಕೂಸಾಗಿದ್ದಾಗಲೂ ಅವನನ್ನು ದೀಪದ ಪಕ್ಕದಲ್ಲಿ, ಒಳಗೇ ಮಲಗಿಸುತ್ತಿದ್ದರು. ಊರೂರು ತಿರುಗಿ ಸಾವಿರಾರು ಜನಕ್ಕೆ ತೋರಿಸಿದ್ದನ್ನು ಅವನು ಒಂದು ಸಲವೂ ಮುಂದೆ ಕೂತು ಕಂಡಿರಲಿಲ್ಲ. ಅದು ಒಂದು ಕೊರತೆ ಎಂದು ಹೊಳೆದೂ ಇರಲಿಲ್ಲ.

"ಗ್ರಹಣದ ಸಂಜಿಗೆ ಇಲ್ಲಿ ಪರದಿ ಕಟ್ಟು. ನೋಡು. ಹೊಳಿ ಎಲ್ಲೂ ಓಡಿಹೋಗಾದಿಲ್ಲ," ಎಂದರು ತಾತನವರು, ಮತ್ತೊಂದು ಬತ್ತಿಗೆ ಬಟ್ಟೆ ಸೀಳಿದರು.

ಗ್ರಹಣದಲ್ಲೇ ಪರದೆ ಕಟ್ಟು ಎಂದರೆ ಅವನ ಪಾಲಿಗೆ ಸುಟ್ಟ ಕೈಯನ್ನೇ ಮತ್ತೆ ಬೆಂಕಿಗೆ ಹಿಡಿ ಎಂದಂತೆ. ಇಲ್ಲವೆನ್ನಲೂ ಆಗಲಿಲ್ಲ, ಹೂಂ ಎನ್ನಲೂ ಆಗಲಿಲ್ಲ. ದುರುಗವ್ವ ಕತ್ತೆಯ ಹಗ್ಗ ಬಿಚ್ಚಿ ಪೆಟ್ಟಿಗೆಯನ್ನು ಕೆಳಗಿಳಿಸಿದಳು. ಅಲ್ಲಿಗೆ ಉತ್ತರ ಹೇಳಿದಂತಾಯಿತು.

ಗ್ರಹಣದ ದಿನ ಬಂತು. ಚಂದ್ರ ನುಂಗಿಸಿಕೊಂಡೇ ಹುಟ್ಟುತ್ತಾನೆ ಎಂದು ಪಂಚಾಂಗದಲ್ಲಿತ್ತು. ಊರಲ್ಲಿ ಮಧ್ಯಾಹ್ನಕ್ಕೇ ಒಲೆ ಆರಿದವು. ನೀರಿನ ಕೊಡಕ್ಕೆ, ಉಪ್ಪಿನಕಾಯಿ ಜಾಡಿಗೆ, ಹಾಲಿನ ಗಡಿಗೆಗೆ ದರ್ಭೆ ಬಿದ್ದವು. ಗುಡಿ ಮುಚ್ಚಿತು. ಓಣಿಯ ನಡುವೆ ಹಿತ್ತಾಳೆ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸಿ, ನಿಂತಿತೇ ಬಿತ್ತೇ ಎಂದು ಹೆಂಗಸರು ನೋಡುತ್ತ ಕೂತರು. ಮಾವನ ಮಾತಿನಲ್ಲಿ ಹೇಳುವುದಾದರೆ ಆ ದಿನಗಳಲ್ಲಿ ಗ್ರಹಣವೆಂಬುದು ಊರಿಗೆಲ್ಲ ಒಟ್ಟಿಗೆ ಬರುವ ನೆಂಟ. ಈಗ ಎಲ್ಲರೂ ಅವರವರ ಮಾಳಿಗೆಯ ಮೇಲೆ ಬೇರೆ ಬೇರೆ ನೋಡುತ್ತಾರೆ. ತಾತನವರೂ ಉಪವಾಸವಿದ್ದರು, ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದರು. ಹಿರಿಯರು ಹಾಕಿಕೊಟ್ಟ ಯಾವುದನ್ನೂ ಅವರು ಅಂದು ತಪ್ಪಿಸಲಿಲ್ಲ.

ಭಟ್ಟಿಯ ಬಾಯಿ ಪಡುವಣಕ್ಕಿತ್ತು. ಅದಕ್ಕೆ ಅಡ್ಡವಾಗಿ ಬಿಳಿಯ ಪಂಚೆ ಬಿಗಿದರೆ ಅದೇ ಪರದೆ. ಒಳಗಿನ ಗವಿ ಆಟಗಾರರ ಮನೆ. ನೋಡುವವರು ಅಂಗಳದಲ್ಲಿ ಮೂಡಣಕ್ಕೆ ಮುಖಮಾಡಿ ಕೂಡಬೇಕು. ನೋಡುವವರೆಂದರೆ ಯಾರು, ಸುಂಕಣ್ಣ ಒಬ್ಬ. ಊರವರು ಯಾರೂ ಆ ಕಡೆ ಸುಳಿಯಲಿಲ್ಲ. ಮಾವ ಬಂದದ್ದು ತಮಾಷೆ ನೋಡಲು, ಮರುದಿನ ಹೇಳಿಕೊಂಡು ತಿರುಗಲು. ಗ್ಯಾಸ್‌ಲೈಟು ಉರಿಸಿಕೊಂಡೇ ಬಂದಿದ್ದ. ಆರಿಸಿ ಕೂಡು ಎಂದರು ತಾತನವರು. ಆರಿಸಿದ.

ಪರದೆಯ ಗಂಟುಗಳನ್ನು ಸುಂಕಣ್ಣನೇ ಬಿಗಿದ. ಕೈಗೆ ಅಭ್ಯಾಸ, ತಾನಾಗಿ ಬಿಗಿಯಿತು. ಪೆಟ್ಟಿಗೆಯ ಮುಚ್ಚಳ ಎತ್ತಬೇಕೆಂದಾಗ ಆಗಲಿಲ್ಲ. ಹೊರಗೆ ಬಂದು ಒಂದು ಮೂಲೆಗೆ ಕೂತುಬಿಟ್ಟ. ಆಗ ತಾತನವರೇ ಎದ್ದು ಒಳಕ್ಕೆ ಹೋದರು. ದೀಪ ಹತ್ತಿತು, ಪರದೆ ಬೆಳಗಿತು. ಸ್ವಲ್ಪ ಹೊತ್ತಿಗೆ ಒಂದು ರಕ್ಕಸ ಪರದೆಯ ಮೇಲೆ ಬಂದ. ತಲೆ ಕೆಳಗೆ, ಕಾಲು ಮೇಲೆ.

ಮಾವ ಗಟ್ಟಿಯಾಗಿ ನಕ್ಕ. ನಕ್ಕವನು ಒಬ್ಬನೇ ಎಂದು ಆಮೇಲೆ ಗೊತ್ತಾಯಿತು. ರಕ್ಕಸ ಗಾಳಿಯಲ್ಲಿ ಕಾಲು ಬಡಿಯುತ್ತ ಪರದೆಯ ಈ ತುದಿಯಿಂದ ಆ ತುದಿಗೆ ಹೋದ, ಹಿಂದುಮುಂದಾಗಿ ವಾಪಸು ಬಂದ. ಒಳಗಿನಿಂದ ದುರುಗವ್ವನ ದನಿ ಕೇಳಿಸಿತು. "ಹಂಗ ಹಿಡದ್ರ ಅವನ ಸೊಂಟ ಮುರೀತದ. ಕೊಡ್ರಿಲ್ಲಿ." ತಾತನವರು ಕೊಟ್ಟು ಹೊರಗೆ ಬಂದರು. ಅವರಿಗೆ ನಿಜವಾಗಿ ಗೊಂಬೆ ಹಿಡಿಯಲು ಬರುತ್ತಿರಲಿಲ್ಲವೋ, ಬಾರದವರಂತೆ ನಟಿಸಿದರೋ ಎಂಬ ವಿಚಾರದಲ್ಲಿ ಭಕ್ತರಲ್ಲಿ ಎರಡು ಪಂಗಡಗಳಿವೆ. ನಾನು ಎರಡೂ ಕಡೆ ಊಟಕ್ಕೆ ಹೋಗುತ್ತೇನೆ.

ಗೊಂಬೆ ಕೈಗೆ ಬಂದೊಡನೆ ದುರುಗವ್ವ ಒಂದು ಸಲ ಪರದೆಯ ಅಂಚು ಸರಿಸಿ ಹೊರಗೆ ನೋಡಿದಳು. ಗಂಡ ಮೂಲೆಯಲ್ಲಿ ಮುದುಡಿ ಕೂತಿದ್ದ. ಕತ್ತೆಯನ್ನು ಅಲ್ಲೇ ಪಕ್ಕದಲ್ಲಿ ಕಟ್ಟಿದ್ದರು. ಅವಳು ಕತ್ತೆಯ ಕಡೆ ತಿರುಗಲಿಲ್ಲ.

"ಅಲ್ಲಿ ಕುಂತ್ರ ಏನು ಕಾಣ್ತದ? ನಡುವ ಬಾ. ಹೊನ್ನಿ ಕೂಡ್ತಿದ್ದಲ್ಲಿ ಕೂಡು."

ಆ ಹೆಸರು ಅಷ್ಟು ದಿನಗಳಲ್ಲಿ ಮೊದಲ ಸಲ ಹೊರಗೆ ಬಿದ್ದಿತ್ತು. ಸುಂಕಣ್ಣ ಎದ್ದು ಬಂದು ಪರದೆಯ ನಟ್ಟನಡುವೆ, ಚಾಚಿದರೆ ಕೈಗೆ ಸಿಗುವಷ್ಟು ಹತ್ತಿರ, ಮಕ್ಕಳು ಕೂಡುವ ಜಾಗದಲ್ಲಿ ಕೂತ. ತಾತನವರು ಅವನ ಪಕ್ಕದಲ್ಲಿ ಕೂತರು.

ರಕ್ಕಸ ಮತ್ತೆ ಬಂದ. ಸುಂಕಣ್ಣನೇ ಹೆರೆದು, ಕೊರೆದು, ಬಣ್ಣ ಹಾಕಿದ ಗೊಂಬೆ. ಅದರ ಹೊಟ್ಟೆಯ ಹೊಲಿಗೆ ಎಷ್ಟನೆಯ ಸಲದ್ದು ಎಂಬುದೂ ಅವನಿಗೆ ಗೊತ್ತು. ಆದರೂ ಈ ಕಡೆಯಿಂದ ಬಂದವನು ಬೇರೆ ಯಾರೋ. ದೀಪದ ಹತ್ತಿರ ಇದ್ದಾಗ ಅಂಚೇ ಇಲ್ಲದ ದೊಡ್ಡ ಕೆಂಪು ಮೋಡ. ಪರದೆಗೆ ಹತ್ತಿರಾದಂತೆ ಹಲ್ಲು, ಕಣ್ಣು, ಉಗುರು ಒಂದೊಂದಾಗಿ ಮೂಡಿದವು. ದುರುಗವ್ವ ಹಾಡು ಎತ್ತಿದಳು. ಬಹಳ ದಿನ ಸುಮ್ಮನಿದ್ದ ಗಂಟಲು, ಮೊದಲು ಒಡೆಯಿತು, ಆಮೇಲೆ ಹತ್ತಿತು. ರಕ್ಕಸ ಪರದೆಯ ತುಂಬ ಹಬ್ಬಿ, ಬಿಳಿ ಒಂದು ಬೊಟ್ಟಿನಷ್ಟೂ ಉಳಿಯದಂತೆ ನುಂಗಿದ. ಸುಂಕಣ್ಣ ಕೂತಲ್ಲೇ ಹಿಂದಕ್ಕೆ ಸರಿದನಂತೆ. ತಾನೂ ಸರಿದೆನೆಂದು ಮಾವ ಒಪ್ಪುತ್ತಿರಲಿಲ್ಲ.

ಅವಳು ಗೊಂಬೆಯನ್ನು ಮೇಲಕ್ಕೆ ಎತ್ತಿದಳು. ನೆರಳು ಪರದೆಯನ್ನು ದಾಟಿ ಭಟ್ಟಿಯ ಕಲ್ಲಿನ ಮೇಲೆ ಎಲ್ಲೋ ಹೋಯಿತು. ಪರದೆ ಬೆಳ್ಳಗೆ ಉಳಿಯಿತು.

"ಪರದಿಗೆ ಏನಾತು? ಮುಟ್ಟಿ ನೋಡು," ಎಂದರು ತಾತನವರು.

ಸುಂಕಣ್ಣ ಎದ್ದು ಪಂಚೆಯನ್ನು ಅಂಗೈಯಿಂದ ಸವರಿದ. ಎಲ್ಲೂ ಹರಿದಿರಲಿಲ್ಲ, ಬಿಸಿಯಾಗಿರಲಿಲ್ಲ, ಕಲೆ ಇರಲಿಲ್ಲ. ಏನೂ ಆಗಿಲ್ಲ ಎಂದ.

ಇಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಹುಣ್ಣಿಮೆ, ಆದರೆ ಆಕಾಶದಲ್ಲಿ ಚಂದ್ರನೇ ಇಲ್ಲ. ಹುಣ್ಣಿಮೆಯ ದಿನ ಅಮಾವಾಸ್ಯೆಯ ಹಾಗೆ ನಕ್ಷತ್ರ ಕಿಕ್ಕಿರಿದಿದ್ದವು. ಊರ ಕಡೆಯಿಂದ ಜಾಗಟೆ ಕೇಳುತ್ತಿತ್ತು. ಲೈಟು ಹತ್ತಿಸಿಬಿಡಲೇ ಎಂದು ಮಾವನ ಕೈ ಎರಡು ಸಲ ಕಡ್ಡಿಪೆಟ್ಟಿಗೆಗೆ ಹೋಗಿ ಬಂತು. ಆಮೇಲೆ ಕಂಡಿತು. ಭಟ್ಟಿಯ ಮುರಿದ ಹೆಗಲಿನ ಪಕ್ಕದಲ್ಲಿ, ಬೂದಿಯೊಳಗೆ ಮರೆತುಹೋದ ಕೆಂಡದ ಹಾಗೆ ಗುಂಡಗಿನ ಒಂದು ಮಂಕು ಕೆಂಪು. ಯಾವಾಗಿನಿಂದ ಅಲ್ಲಿತ್ತೋ.

ಸುಂಕಣ್ಣ ಮುಖ ಮುಚ್ಚಿಕೊಂಡ. ತಾತನವರು ಅವನ ಕೈ ಹಿಡಿದು ಇಳಿಸಿದರು.

"ನಿನ್ನ ಬೆನ್ನ ಹಿಂದ ಏನೈತಿ?"

"ಹೊತ್ತು ಮುಳುಗೇತಿ, ಯಪ್ಪಾ."

"ಮುಂದ?"

"ಚಂದ್ರಾಮ."

"ನಡುವ?"

ಅವನು ಹಿಂದಕ್ಕೊಮ್ಮೆ ನೋಡಿದ, ಮುಂದಕ್ಕೊಮ್ಮೆ ನೋಡಿದ. ಹಿಂದೆ ದೀಪ ಇರುವ ಕಡೆ, ಮುಂದೆ ಪರದೆ ಇರುವ ಕಡೆ. ಅವನ ಕಸುಬೇ ಅದು, ಬಿಡಿಸಿ ಹೇಳಬೇಕಾಗಿರಲಿಲ್ಲ. ಕೂತ ನೆಲವನ್ನು ಅಂಗೈಯಿಂದ ಮುಟ್ಟಿ, "ನಾವು," ಎಂದ.

ಇಲ್ಲಿ ನಾನು ಕೊಂಚ ನಡುವೆ ಬರುತ್ತೇನೆ. ಈ ಮುಂದಿನದು ತಾತನವರು ಹೇಳಿದ್ದಲ್ಲ, ನನ್ನ ಮಗಳ ಪಾಠಪುಸ್ತಕದ್ದು. ಸೂರ್ಯನ ಬೆಳಕು ಭೂಮಿಯ ಒಂದು ಮಗ್ಗುಲಿಗೆ ಬಿದ್ದರೆ ಇನ್ನೊಂದು ಮಗ್ಗುಲಲ್ಲಿ ಉದ್ದನೆಯ ನೆರಳು ಆಕಾಶದೊಳಕ್ಕೆ ಸದಾ ಚಾಚಿಕೊಂಡಿರುತ್ತದೆ. ಹುಣ್ಣಿಮೆಯಂದು ಚಂದ್ರ ಸೂರ್ಯನಿಗೆ ಎದುರಾಗಿ, ಆ ನೆರಳಿರುವ ಕಡೆಗೇ ಬರುತ್ತಾನೆ. ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣವೇಕಿಲ್ಲವೆಂದರೆ, ಚಂದ್ರ ತಿರುಗುವ ದಾರಿ ಸ್ವಲ್ಪ ಓರೆ. ದುರುಗವ್ವ ಗೊಂಬೆ ಎತ್ತಿ ಹಿಡಿದಾಗ ನೆರಳು ಪರದೆ ತಪ್ಪಿಹೋಯಿತಲ್ಲ, ಹಾಗೆ ಬಹಳ ಹುಣ್ಣಿಮೆಗಳಲ್ಲಿ ಭೂಮಿಯ ನೆರಳು ಚಂದ್ರನ ಮೇಲಿನಿಂದಲೋ ಕೆಳಗಿನಿಂದಲೋ ಹಾದುಹೋಗುತ್ತದೆ. ಸೂರ್ಯನ ದಾರಿ, ಚಂದ್ರನ ದಾರಿ ಎರಡೂ ಅಡ್ಡಹಾಯುವ ಜಾಗಗಳಿಗೇ ನಮ್ಮ ಜೋಯಿಸರು ರಾಹು, ಕೇತು ಎಂದು ಹೆಸರಿಟ್ಟರು. ಹುಣ್ಣಿಮೆ ಆ ಜಾಗದಲ್ಲೇ ಒದಗಿದರೆ ಗ್ರಹಣ. ಚಂದ್ರ ಇಡಿಯಾಗಿ ನೆರಳಿನೊಳಗೆ ಹೊಕ್ಕರೆ ಖಗ್ರಾಸ. ಇನ್ನು ಆ ಕೆಂಪು. ಭೂಮಿಗೂ ಮೈಮೇಲೆ ತೆಳುವಾದ ಒಂದು ತೊಗಲಿದೆ, ಗಾಳಿಯದು. ಸೂರ್ಯನ ಬೆಳಕು ಅದರ ಅಂಚಿನಲ್ಲಿ ನುಸುಳಿ, ಬಾಗಿ, ನೀಲಿಯನ್ನೆಲ್ಲ ದಾರಿಯಲ್ಲೇ ಚೆಲ್ಲಿ, ಉಳಿದ ಕೆಂಪನ್ನು ಹೊತ್ತು ಚಂದ್ರನನ್ನು ಮುಟ್ಟುತ್ತದೆ. ಆದ್ದರಿಂದ ಆ ನೆರಳು ಕಪ್ಪಾಗಿರುವುದಿಲ್ಲ.

ಇದು ಮಾತ್ರ ಸುಂಕಣ್ಣನಿಗೆ ಯಾವ ಪುಸ್ತಕವೂ ಇಲ್ಲದೆ ತಿಳಿಯಿತು. ಅವನು ಬಹಳ ಹೊತ್ತು ಆ ಕೆಂಪನ್ನೇ ನೋಡಿ, ತೊಗಲ ನೆರಳಿದ್ದಂಗೈತಿ ಎಂದು ತನ್ನಷ್ಟಕ್ಕೇ ಅಂದುಕೊಂಡ. ಅಷ್ಟಾದ ಮೇಲೆ ಬತ್ತಿತಾತನವರು ಅವನ ಹೆಸರು ಹಿಡಿದು ಕರೆದರು. ಮಾವ ಈ ಮಾತು ಹೇಳುವಾಗ ಎಲೆಅಡಿಕೆ ಉಗುಳಿ ಬಾಯಿ ತೊಳೆದುಕೊಂಡು ಹೇಳುತ್ತಿದ್ದ.

"ಸುಂಕಣ್ಣಾ, ನೆರಳು ಏನನ್ನೂ ಒಯ್ಯಾದಿಲ್ಲ. ನಿನ್ನ ಮಗಳನ್ನ ಜ್ವರ ಒಯ್ತು."

ಇಷ್ಟೇ. ಇದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಸಮಾಧಾನದ ಮಾತೂ ಅಲ್ಲ ಇದು. ಮಗಳು ಹೋದದ್ದನ್ನು ಇನ್ನೊಮ್ಮೆ ಹೇಳಿದ ಮಾತು. ಆದರೆ ಅದನ್ನು ಕೇಳಿ ಆ ಮನುಷ್ಯ ಅಂಗಳದ ಮಣ್ಣಿಗೆ ಹಣೆ ಹಚ್ಚಿ ಅತ್ತ. ತಪ್ಪು ಮಾಡಿದವನಿಗೆ ಅಳಲು ಹಕ್ಕಿಲ್ಲವೆಂದು ಅಷ್ಟು ದಿನ ಕಟ್ಟಿಟ್ಟುಕೊಂಡದ್ದೆಲ್ಲ ಬಂತು. ತನ್ನನ್ನು ಕೊಲೆಗಾರನೆಂದು ತಿಳಿದಿದ್ದವನು ಆ ಹೊತ್ತಿಗೆ ಬರೀ ಮಗಳು ತೀರಿಕೊಂಡ ಅಪ್ಪನಾದ. ದುರುಗವ್ವ ಪರದೆಯ ಹಿಂದಿನಿಂದ ಬಂದು ಅವನ ಪಕ್ಕದಲ್ಲಿ ಕೂತಳು. ತಾತನವರು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದರು.

ಅವರು ಹಾಗೆ ಕೂತಿರುವಾಗಲೇ ಚಂದ್ರನ ಒಂದು ಅಂಚಿನಲ್ಲಿ ಬಿಳಿ ಕಾಣಿಸಿಕೊಂಡಿತು. ನೆರಳು ಮೆಲ್ಲಗೆ ಜಾರಿತು, ಅದರ ತುದಿ ಗುಂಡಗೆ ಬಾಗಿತ್ತು. ಕಡೆಗೆ ಪೂರ್ತಿ ಹೊರಗೆ ಬಂದ ಚಂದ್ರ ಎಂದಿನ ಹುಣ್ಣಿಮೆಯ ಚಂದ್ರನೇ, ಎಲ್ಲೂ ಒಂದು ಗೀರು ಇಲ್ಲ. ಊರಿನ ಜನ ಮೀಯಲು ಹೊಳೆಗೆ ಹೊರಟ ಗಲಾಟೆ ಕೇಳಿಸಿತು.

ಸುಂಕಣ್ಣನೂ ಎದ್ದ. ಪೆಟ್ಟಿಗೆಯನ್ನು ಕತ್ತೆಯ ಮೇಲೆ ಹೇರಿದ. ಇಷ್ಟೆಲ್ಲ ಆದ ಮೇಲೂ ಹೊಳೆಗೆ ಬಿಡುತ್ತಾನೆಯೆ ಎಂದುಕೊಂಡ ಮಾವ. ಮಾವ ತಾತನವರ ಕಡೆ ನೋಡಿದರೆ ಅವರು ಆಗಲೇ ಬತ್ತಿಗೆ ಕೂತಿದ್ದರು. ಕರೆಯದೆಯೇ ಮಾವ ಗ್ಯಾಸ್‌ಲೈಟು ಹತ್ತಿಸಿಕೊಂಡು ಅವರ ಮುಂದೆ ನಡೆದ. ಬಾಡಿಗೆ ಕೇಳದೆ ಅವನು ಬೆಳಕು ಹಿಡಿದದ್ದು ಅದೇ ಮೊದಲು.

ಆ ಕಾಲದ ಹಗರಿಯಲ್ಲಿ ಮರಳೇ ಹೆಚ್ಚು, ನೀರು ಮೊಣಕಾಲಿಗೆ. ಸುಂಕಣ್ಣ ಮಿಂದು ಬಂದು ಪೆಟ್ಟಿಗೆ ತೆರೆದ. ಗೊಂಬೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಕುತ್ತಿಗೆ ಹರಿದ ಒಂದು ಕುದುರೆ, ಮುಖ ಪೂರ್ತಿ ಸವೆದುಹೋದ ಒಬ್ಬ ಮುದುಕಿ, ಹುಳ ತಿಂದ ಒಂದು ಮರ. ಇವುಗಳನ್ನು ಮಾತ್ರ ಬೇರೆಯಿಟ್ಟ. ದುರುಗವ್ವ ಅರಿಸಿನ ಕುಂಕುಮ ಹಚ್ಚಿದಳು. ನೀರಿಗೆ ಬಿಟ್ಟರು. ಕುದುರೆ ಮರಳಿಗೆ ಸಿಕ್ಕಿಕೊಂಡು ಹೋಗಲೊಲ್ಲದೆ ನಿಂತಿತು, ಅವನೇ ಇಳಿದು ನೂಕಿ ಬಂದ. ಉಳಿದವನ್ನೆಲ್ಲ ಅವಳು ಮಡಿಚಿ ಜೋಡಿಸಿದಳು, ಅವನು ಮುಚ್ಚಳ ಹಾಕಿ ಹಗ್ಗ ಬಿಗಿದ.

ತಿರುಗಿ ಬರುವ ದಾರಿಯಲ್ಲಿ ಸುಂಕಣ್ಣ ಮಾವನ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತ ಕೇಳಿದ. "ಪಂಪಣ್ಣಾರ, ಆಟದಾಗ ನಾವಿಬ್ರೂ ಒಳಗ ಇರ್ತಿದ್ವಿ. ನೀವು ಹೊರಗ ನಿಂತಿರ್ತಿದ್ರಿ. ಹೊನ್ನಿ ಹೆಂಗ ನೋಡ್ತಿದ್ಲು?"

ಮಾವನಿಗೆ ಮಾತು ಹುಡುಕಬೇಕಾಗಿ ಬಂದದ್ದು ಜನ್ಮದಲ್ಲಿ ಅದೊಂದೇ ಸಲವಂತೆ. ಆಮೇಲೆ ಹೇಳಿದ. ಬಗಲಿಗೆ ಒಂದು ಗಂಟು ಬಟ್ಟೆ ಅವುಚಿಕೊಂಡು ಎಲ್ಲರಿಗಿಂತ ಮುಂಚೆ ಬಂದು ಜಾಗ ಹಿಡಿಯುತ್ತಿದ್ದಳು. ರಕ್ಕಸ ಬಂದರೆ ಕಣ್ಣು ಮುಚ್ಚುತ್ತಿದ್ದಳು, ಬೆರಳ ಸಂದಿಯಲ್ಲಿ ಮಾತ್ರ ಪೂರ್ತಿ ನೋಡುತ್ತಿದ್ದಳು. ಅವ್ವ ರಕ್ಕಸಿಯಾಗಿ ಬಯ್ಯುವಾಗ ಪಕ್ಕದ ಮಕ್ಕಳಿಗೆ, ಅದು ನಮ್ಮವ್ವ, ನನಗೂ ಹಿಂಗ ಬೈತಾಳ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಆಟ ಮುಗಿಯುವ ಮುಂಚೆ ನಿದ್ದೆ ಹೋಗುತ್ತಿದ್ದಳು, ಆದರೆ ಪರದೆಯ ಕಡೆಗೇ ಮುಖ ಮಾಡಿ. ದುರುಗವ್ವ ಅಳುತ್ತ ನಕ್ಕಳು. ಆ ರಾತ್ರಿ ತಾನು ಒಂದು ಅಕ್ಷರವನ್ನೂ ಸೇರಿಸಲಿಲ್ಲವೆಂದು ಮಾವ ಬತ್ತಿತಾತನವರ ಮೇಲೆ ಆಣೆಮಾಡುತ್ತಿದ್ದ. ಅವನ ಆಣೆಗಳ ತೂಕ ನನಗೆ ಗೊತ್ತು. ಇದೊಂದನ್ನು ಮಾತ್ರ ನಂಬಿದ್ದೇನೆ. ಆ ಮಹಾತ್ಮರ ಹೆಸರು ಬಂದಾಗಲೆಲ್ಲ ಅವನು ಚಪ್ಪಲಿ ಬಿಟ್ಟು ನಿಲ್ಲುವುದನ್ನು, ಮುಪ್ಪಿನಲ್ಲಿಯೂ, ನಾನೇ ಕಂಡಿದ್ದೇನೆ.

ಭಟ್ಟಿಯ ಹತ್ತಿರ ಬಂದಾಗ ಗ್ಯಾಸ್‌ಲೈಟಿನ ಬೆಳಕು ಕುಗ್ಗಿತು. ಬೆಳದಿಂಗಳು ಅಷ್ಟು ಚೆಲ್ಲಿದ್ದಾಗ ಅದರ ಅಗತ್ಯವೂ ಇರಲಿಲ್ಲ, ಮಾವ ಗಾಳಿ ಹೊಡೆಯಲಿಲ್ಲ. ಸುಂಕಣ್ಣ ಕತ್ತೆಯ ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟು, ಮೋರೆ ಒರೆಸಿಕೊಂಡ.

"ಪಂಪಣ್ಣಾರ, ಇನ್ನೊಮ್ಮೆ ಹೇಳ್ರಿ," ಎಂದ.